ಉಪ್ಪಿನಕಾಯಿ ಸೈಟಿನ ಬಣ್ಣ: ಮೊದಲು ಬಣ್ಣ ತೆಗೆದು ನೋಡಿ

ಮೇಡಂ, ನಿಮ್ಮ ಸ್ಕ್ರೀನ್‌ಶಾಟ್ ನೋಡಿದೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಸೈಟು, ಅರಿಶಿನ ಹಳದಿ ಹಿನ್ನೆಲೆ, ಮೇಲೆ ಎಲೆ ಹಸಿರು ಪಟ್ಟಿ, ಅದರೊಳಗೆ ಕೆಂಪು ಆರ್ಡರ್ ಬಟನ್. ಬಟನ್ ಯಾರಿಗೂ ಕಾಣ್ತಿಲ್ಲ, ಇನ್ನೂ ದೊಡ್ಡದು ಮಾಡ್ಲಾ ಅಂತ ಕೇಳಿದ್ದೀರಿ. ಬೇಡ. ನಾನೂ ಹಿಂದೆ ಹಾಗೇ ಹಿಗ್ಗಿಸುತ್ತಾ ಹೋಗಿದ್ದೆ, ಏನೂ ಪ್ರಯೋಜನ ಆಗಲಿಲ್ಲ.

ಪೇಜಿನ ಕೋಡಿನಲ್ಲಿ ಎಚ್‌ಟಿಎಂಎಲ್ ಟ್ಯಾಗಿಗೆ ಗ್ರೇಸ್ಕೇಲ್ ಫಿಲ್ಟರ್ 100% ಹಾಕಿ, ಅಂದ್ರೆ ಬಣ್ಣವೆಲ್ಲ ತೆಗೆದು ಬರೀ ಬೂದು ಮಾಡಿ, ಪೇಜ್ ತೆರೆಯಿರಿ. ಆ ಕೆಂಪೂ ಆ ಹಸಿರೂ ಹೆಚ್ಚುಕಡಿಮೆ ಒಂದೇ ಬೂದು ಆಗಿಬಿಡುತ್ತವೆ, ಬಟನ್ನಿನ ಅಂಚೇ ಸಿಗುವುದಿಲ್ಲ. ಕೆಂಪು-ಹಸಿರಿನ ವ್ಯತ್ಯಾಸ ಗೊತ್ತಾಗದವರಿಗೆ, ಹೆಚ್ಚಾಗಿ ಗಂಡಸರಿಗೇ ಈ ತೊಂದರೆ, ಪೇಜ್ ಪೂರ್ತಿ ಬೂದಾಗಿ ಕಾಣದಿದ್ದರೂ ಆ ಬಟನ್ನೂ ಪಟ್ಟಿಯೂ ಹೀಗೇ ಒಂದರೊಳಗೊಂದು ಬೆರೆತುಹೋಗಬಹುದು. ಅದಕ್ಕೇ ನಾನು ಈಗ ಯಾವ ಸೈಟ್ ಶುರು ಮಾಡಿದರೂ ಮೊದಲು ಬರೀ ಬೂದಿನಲ್ಲೇ ಮುಗಿಸುತ್ತೇನೆ. ಹೆಡಿಂಗ್ ಕಪ್ಪು, ವಿವರ #333333 (ಇದು ಕಡು ಬೂದಿನ ಬಣ್ಣದ ಕೋಡ್), ಗೆರೆಗಳು ತಿಳಿ ಬೂದು, ಬಟನ್ ಕಡು ಬೂದಿನ ಮೇಲೆ ಬಿಳಿ ಅಕ್ಷರ. ಬಣ್ಣವೇ ಇಲ್ಲದೆ ಕಣ್ಣು ಮೊದಲು ಉತ್ಪನ್ನಕ್ಕೆ, ಆಮೇಲೆ ಬೆಲೆಗೆ, ಆಮೇಲೆ ಬಟನ್ನಿಗೆ ಹೋದರೆ ಅರ್ಧ ಕೆಲಸ ಆಯ್ತು. ಆಮೇಲೆ ಒಂದೇ ಒಂದು ಬಣ್ಣ ತನ್ನಿ, ಅದನ್ನು ಒತ್ತುವ ಜಾಗಕ್ಕೆ ಮಾತ್ರ ಕೊಡಿ. ಹೆಡಿಂಗಿಗೂ ಅದೇ, ಐಕಾನಿಗೂ ಅದೇ, ಬಾರ್ಡರಿಗೂ ಅದೇ ಬಳಿದರೆ ಬಟನ್ನಿಗೆ ಏನು ಬೆಲೆ ಉಳೀತು ಹೇಳಿ?

ಯಾವ ಬಣ್ಣ ಅಂತ ಕೇಳ್ತೀರಿ, ಅಲ್ವಾ? ಕೆಂಪು ಮಾತ್ರ ಬೇಡ. ನಿಮ್ಮ ಫೋಟೋದಲ್ಲೇ ಖಾರದ ಪುಡಿಯ ಕೆಂಪಿದೆ, ಎಣ್ಣೆಯ ಕಂದು-ಹಳದಿ ಇದೆ, ಕೆಳಗೆ ಬಾಳೆಲೆ ಹಸಿರಿದೆ. ಫೋಟೋದಲ್ಲಿ ಇಲ್ಲದ ಬಣ್ಣ ಆರಿಸಿ. ಕಡು ನೀಲಿ ಹಾಕಿ ನೋಡಿ. ಹಿನ್ನೆಲೆ ಬಿಳಿ ಅಥವಾ ತುಂಬಾ ತಿಳಿ ಕೆನೆ ಇರಲಿ, ಬಣ್ಣ ತುಂಬುವ ಕೆಲಸ ಉಪ್ಪಿನಕಾಯಿಯೇ ಮಾಡುತ್ತದೆ. ನೀಲಿ ಅಂದ್ರೆ ನಂಬಿಕೆ, ಕೆಂಪು ಅಂದ್ರೆ ಹಸಿವು ಅಂತೆಲ್ಲ ಬರುವ ಪೋಸ್ಟುಗಳನ್ನು ದಯವಿಟ್ಟು ನಂಬಬೇಡಿ. ಅಕ್ಕಪಕ್ಕ ಏನಿದೆ ಅನ್ನೋದೇ ಮುಖ್ಯ.

ಗ್ರೇಸ್ಕೇಲಿನಲ್ಲಿ ಸರಿ ಕಂಡಿತು ಅಂತ ಅಲ್ಲಿಗೇ ಬಿಡಬೇಡಿ, ಕಾಂಟ್ರಾಸ್ಟ್, ಅಂದ್ರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ವ್ಯತ್ಯಾಸ, ಅಳೆಯಲೇಬೇಕು. ಕ್ರೋಮ್‌ನಲ್ಲಿ ಪೇಜಿನ ಕೋಡ್ ನೋಡುವ ಡೆವ್‌ಟೂಲ್ಸ್ ತೆರೆದು ಅಕ್ಷರದ ಬಣ್ಣದ ಚೌಕ ಒತ್ತಿದರೆ ಅನುಪಾತ ಅಲ್ಲೇ ಬರುತ್ತದೆ. ಸಾಮಾನ್ಯ ಅಕ್ಷರಕ್ಕೆ 4.5, ದೊಡ್ಡ ಅಕ್ಷರಕ್ಕೆ 3 ಇರಬೇಕು ಅನ್ನೋದು ಡಬ್ಲ್ಯೂಸಿಎಜಿ (ಎಲ್ಲರೂ ಬಳಸುವಂತೆ ಸೈಟ್ ಮಾಡಲು ಇರುವ ಮಾರ್ಗಸೂಚಿ) ಲೆಕ್ಕ. ಬಿಳಿ ಮೇಲೆ ಸಾಮಾನ್ಯ ಅಕ್ಷರಕ್ಕೆ ಬೂದು #767676 ಪಾಸು, #777777 ಫೇಲು. ಅಪ್ಪಟ ಹಳದಿ ಮೇಲೆ ಅಪ್ಪಟ ಕೆಂಪು ಅಕ್ಷರ ಬರೆದರೆ ಸುಮಾರು 3.7, ಅಷ್ಟೇ. ನಮ್ಮ ಬಾವುಟದ ಬಣ್ಣ ಅಂತ ಅಭಿಮಾನ ಇರಲಿ, ಡೆಲಿವರಿ ವಿವರವನ್ನು ಅದರಲ್ಲಿ ಬರೀಬೇಡಿ. ಹಳದಿ ಬೇಕೇಬೇಕು ಅಂದ್ರೆ ಮೇಲೆ ಕಪ್ಪು ಅಕ್ಷರ. ಸೈಟ್ ಕಟ್ಟಲು ಸಿದ್ಧ ಬಟನ್‌ಗಳನ್ನು ಕೊಡುವ ಬೂಟ್‌ಸ್ಟ್ರಾಪ್‌ನ ಹಳದಿ ವಾರ್ನಿಂಗ್ ಬಟನ್ನಿನಲ್ಲೂ ಹಾಗೇ ಇದೆ. ನಿಮ್ಮ ವಾಟ್ಸಾಪ್ ಬಟನ್ನೂ ಅಷ್ಟೇ, ಆ ತಿಳಿ ಹಸಿರಿನ ಮೇಲೆ ಬಿಳಿ ಅಕ್ಷರ ಇಟ್ಟರೆ ಅನುಪಾತ 2 ಅಷ್ಟೇ.

ಕನ್ನಡಕ್ಕೆ ನಾನು 4.5ಕ್ಕೆ ನಿಲ್ಲುವುದಿಲ್ಲ, 7ರ ಹತ್ತಿರ ಇಡುತ್ತೇನೆ. ಸೈಟಿನಲ್ಲಿ ಉತ್ಪನ್ನ ತೋರಿಸುವ ನಿಮ್ಮ ಕಾರ್ಡಿನಲ್ಲಿ ‘ಅಪ್ಪೆಮಿಡಿ’ ಅಂತ ನೋಟೊ ಸ್ಯಾನ್ಸ್ ಫಾಂಟಿನ ತೆಳು ಅಕ್ಷರದಲ್ಲಿ, ತಿಳಿ ಬೂದಿನಲ್ಲಿ ಇದೆ. ಜೂಮ್ ಮಾಡದೆ ನೋಡಿ, ಕೆಳಗಿನ ಒತ್ತು ಮಸುಕಾಗಿ ಹಿನ್ನೆಲೆಗೆ ಸೇರಿಹೋಗಿದೆ. ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು, ಗೆರೆಯೂ ತೆಳು, ಬಣ್ಣ ಮಂಕಾದರೆ ಮೊದಲು ಮಾಯವಾಗೋದು ಅದೇ. ತಿಳಿ ಬೂದು ಹಾಕಿ ಪ್ರೀಮಿಯಂ ಲುಕ್ ಅಂತ ಹೇಳುವವರು ಒಮ್ಮೆ ಅಮ್ಮನ ಹಳೇ ಫೋನಿನಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ಓದಿ ನೋಡಲಿ.

ಇನ್ನೊಂದು, ‘ಇದೆ’ ಅಂದ್ರೆ ಹಸಿರು ಚುಕ್ಕೆ, ‘ಖಾಲಿ’ ಅಂದ್ರೆ ಕೆಂಪು ಚುಕ್ಕೆ ಅಂತ ಮಾಡಿದ್ದೀರಲ್ಲ, ಕೆಂಪು-ಹಸಿರು ಗೊತ್ತಾಗದವರಿಗಾಗಿ ಪಕ್ಕದಲ್ಲಿ ಪದವನ್ನೂ ಬರೆಯಿರಿ.

ಬಣ್ಣ ಹೊಂದಿಸಿ ಕೊಡುವ ಕೂಲರ್ಸ್ ಸೈಟಿನಿಂದ ಪ್ಯಾಲೆಟ್ (ಬಣ್ಣಗಳ ಗುಂಪು) ತಂದಿದ್ದೀರಿ ಅನಿಸುತ್ತದೆ. ಆ ಟೂಲ್ ಕೆಟ್ಟದ್ದಲ್ಲ, ಆದರೆ ಐದು ಬಣ್ಣವನ್ನೂ ಒಂದೇ ಅಗಲದ ಪಟ್ಟಿಯಲ್ಲಿ ತೋರಿಸುತ್ತದೆ, ನಾವು ಐದನ್ನೂ ಸಮ ಸಮ ಬಳಸಿಬಿಡುತ್ತೇವೆ. ಮುಖ್ಯ ಬಣ್ಣ ಶೇ. 60, ಜೊತೆಯದು 30, ಎದ್ದು ಕಾಣೋದು 10 ಅಂತಾರಲ್ಲ, ನನಗೆ ಆ 10 ಕೂಡ ಜಾಸ್ತಿ. ಕ್ಯಾನ್ವಾದಲ್ಲಿ ಮಾಡಿದ, ಒಂದು ಬಣ್ಣ ಇನ್ನೊಂದಕ್ಕೆ ಕರಗುವ ಗ್ರೇಡಿಯಂಟ್ ಬ್ಯಾನರ್ ಸುಮ್ನೆ ತೆಗೆದುಹಾಕಿ. ಅದರ ಒಂದು ತುದಿಯಲ್ಲಿ ಅಕ್ಷರ ಓದಬಹುದು, ಇನ್ನೊಂದು ತುದಿಯಲ್ಲಿ ಆಗುವುದಿಲ್ಲ. ಸಿಎಸ್‌ಎಸ್ ವೇರಿಯಬಲ್ಲಿಗೆ, ಅಂದ್ರೆ ಸೈಟಿನ ಕೋಡಿನಲ್ಲಿ ಬಣ್ಣಕ್ಕೆ ಇಡುವ ಹೆಸರಿಗೆ, ಹಳದಿ, ಕೆಂಪು ಅಂತ ಹೆಸರಿಡದೆ ಬಟನ್-ಬಣ್ಣ, ವಿವರ-ಬಣ್ಣ ಅಂತ ಇಡಿ, ಇಲ್ಲದಿದ್ದರೆ ‘ಕೆಂಪು’ ಅನ್ನೋ ಹೆಸರಿನ ನೀಲಿ ಇಟ್ಟುಕೊಂಡು ಒದ್ದಾಡಬೇಕಾಗುತ್ತದೆ.

ಫೋಟೋಗಳನ್ನು ಟ್ಯೂಬ್‌ಲೈಟ್ ಕೆಳಗೆ ತೆಗೆದಿರಬೇಕು, ಎಣ್ಣೆ ಹಸಿರು ಹಸಿರಾಗಿದೆ. ಬೆಳಗ್ಗೆ ಕಿಟಕಿ ಪಕ್ಕ ಇಟ್ಟು, ಲೈಟ್ ಆಫ್ ಮಾಡಿ ಮತ್ತೆ ತೆಗೆಯಿರಿ, ಬಟನ್ ಬಣ್ಣ ಆಮೇಲೆ ಆರಿಸಿದರಾಯ್ತು. ಬಾಟಲಿ ಲೇಬಲ್ಲಿಗೂ ಇದೇ ಬಣ್ಣದ ಕೋಡ್ ಪ್ರೆಸ್ಸಿಗೆ ಕಳಿಸಬೇಡಿ, ಅಲ್ಲಿ ಸಿಎಂವೈಕೆ (ನಾಲ್ಕು ಶಾಯಿಗಳ ಲೆಕ್ಕ), ಸ್ಕ್ರೀನಿನ ಹೊಳಪಿನ ನೀಲಿ ಕಾಗದದ ಮೇಲೆ ಮಂಕಾಗಿ ಬರುತ್ತದೆ. ಪೂರ್ತಿ ಪ್ರಿಂಟಿಗೆ ಮೊದಲು ಒಂದು ಪ್ರೂಫ್, ಅಂದ್ರೆ ಮಾದರಿ ಪ್ರತಿ, ತೆಗೆಸಿಕೊಳ್ಳಿ.