ವಿಂಡೋಸ್ ಅಪ್‌ಡೇಟ್ ನಂತರ ಗ್ರಬ್ ಮೆನು ಮಾಯ: ಫಾರ್ಮ್ಯಾಟ್ ಬೇಡ

ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್, ಉಬುಂಟು ಎರಡೂ ಇದ್ದು, ವಿಂಡೋಸ್ ಅಪ್‌ಡೇಟ್ ಆದಮೇಲೆ ಗ್ರಬ್ ಮೆನು (ಎರಡರಲ್ಲಿ ಯಾವುದು ತೆರೆಯಬೇಕು ಅಂತ ಕೇಳುವ ಪಟ್ಟಿ) ಬಾರದೆ ನೇರ ವಿಂಡೋಸ್ ತೆರೆಯುತ್ತಿದೆ ಅಂದರೆ, ಬಹುಶಃ ಬೂಟ್ ಆರ್ಡರ್‌ನಲ್ಲಿ (ಆನ್ ಮಾಡಿದಾಗ ಯಾವುದು ಮೊದಲು ಶುರುವಾಗಬೇಕು ಅನ್ನುವ ಕ್ರಮ) ವಿಂಡೋಸ್ ಬೂಟ್ ಮ್ಯಾನೇಜರ್ ಮೇಲೆ ಹೋಗಿ ಕೂತಿದೆ, ಅಷ್ಟೇ. ರಿಪೇರಿ ಅಂಗಡಿಯವರು ಹೇಳಿದರು ಅಂತ ಫಾರ್ಮ್ಯಾಟ್ ಮಾಡಿಸಬೇಡಿ. ಎರಡರ ಬೂಟ್ ಫೈಲ್‌ಗಳೂ ಸಾಮಾನ್ಯವಾಗಿ ಒಂದೇ ಇಎಫ್‌ಐ ಪಾರ್ಟಿಷನ್‌ನಲ್ಲಿ (ಬೂಟ್ ಫೈಲ್‌ಗಳಿಗೆಂದೇ ಇರುವ ಡಿಸ್ಕ್‌ನ ಸಣ್ಣ ಭಾಗ) ಬೇರೆ ಬೇರೆ ಫೋಲ್ಡರ್‌ಗಳಲ್ಲಿರುತ್ತವೆ. ಉಬುಂಟು ಅಳಿಸಿರುವ ಸಾಧ್ಯತೆ ಕಡಿಮೆ.

ಮೊದಲು ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಆನ್ ಇದೆಯಾ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಂಡೇ ಮುಂದುವರಿಯಿರಿ. ಬೂಟ್ ಆರ್ಡರ್ ಬದಲಾದರೆ ವಿಂಡೋಸ್ ಅದನ್ನು ಕೇಳಬಹುದು.

ಆಮೇಲೆ ಪವರ್ ಒತ್ತಿದ ತಕ್ಷಣ ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಸ್ಕೇಪ್ ಒತ್ತಿ ಎಫ್9. ಪಟ್ಟಿಯಲ್ಲಿ ‘ಉಬುಂಟು’ ಆರಿಸಿ. ಗ್ರಬ್ ಬಂತೇ? ಹಾಗಾದರೆ ಬಯಾಸ್‌ನ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ಸ್) ಬೂಟ್ ಆರ್ಡರ್‌ನಲ್ಲಿ ಅದನ್ನೇ ಮೊದಲಿಗೆ ತಂದು ಸೇವ್ ಮಾಡಿ.

ಪಟ್ಟಿಯಲ್ಲಿ ಉಬುಂಟು ಹೆಸರೇ ಇಲ್ಲದಿದ್ದರೆ ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆ ನೇರ ಉಬುಂಟು ಓಡಿಸುವ ಪೆನ್‌ಡ್ರೈವ್) ಬೇಕು. ಅದೇ ಪಟ್ಟಿಯಲ್ಲಿ ‘ಯುಇಎಫ್‌ಐ’ ಅಂತ ಶುರುವಾಗುವ ಸಾಲಿನಿಂದಲೇ ಪೆನ್‌ಡ್ರೈವ್ ಬೂಟ್ ಮಾಡಿ (ಲೆಗಸಿ, ಅಂದರೆ ಹಳೇ ವಿಧಾನದಲ್ಲಿ ಮಾಡಿದರೆ ಗ್ರಬ್ ತಪ್ಪು ಜಾಗಕ್ಕೆ ಹೋಗುತ್ತೆ), ಮೊಬೈಲ್‌ನಿಂದ ನೆಟ್ ಕೊಟ್ಟು ‘ಬೂಟ್ ರಿಪೇರ್’ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಅದರಲ್ಲಿ ‘ರೆಕಮೆಂಡೆಡ್ ರಿಪೇರ್’ ಒತ್ತಿ. ಚಾರ್ಜರ್ ಹಾಕಿರಿ, ಬ್ಯಾಟರಿಯೂ ತುಂಬಿರಲಿ, ಕರೆಂಟ್ ನಂಬಬೇಡಿ.