ಬೋರ್‌ವೆಲ್ ನೀರಿಗೆ ಸೋಪು ಯಾಕೆ ನೊರೆ ಬರೋಲ್ಲ?

ಪ್ರಶ್ನೆ: ನಮ್ಮ ಮನೆಗೆ ಬೋರ್‌ವೆಲ್ ನೀರು. ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ, ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಏಕೆ? (ಓದುಗರೊಬ್ಬರು, ಕೋಲಾರ)

ಉತ್ತರ: ನಿಮ್ಮದು ಗಡಸು ನೀರು. ನೀರಿಗೆ ಸಿಕ್ಕಿದ್ದನ್ನೆಲ್ಲ ಕರಗಿಸಿಕೊಳ್ಳುವ ಚಟ ಇದೆಯಲ್ವಾ, ಹಾಗಾಗಿ ಆಳದ ಕಲ್ಲು-ಮಣ್ಣಿನ ನಡುವೆ ವರ್ಷಗಟ್ಟಲೆ ಇದ್ದಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಅದರಲ್ಲಿ ಸೇರಿಕೊಂಡಿರುತ್ತವೆ. ಸೋಪು ಮೊದಲು ಇವುಗಳ ಜೊತೆ ಕೂಡಿ ಬೂದು ಬಣ್ಣದ ಜಿಗುಟು ಆಗಿಬಿಡುತ್ತದೆ. ಬಕೆಟ್ಟಿನ ಅಂಚಿಗೆ ಅಂಟುತ್ತಲ್ಲ, ಅದೇ. ಅದೆಲ್ಲ ಮುಗಿದ ಮೇಲಷ್ಟೇ ನೊರೆ.

ಬಿಳಿ ಪೊರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲೇ. ನೀರು ಕಾದಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಎಂಬ ಲವಣ ಒಡೆದು ಇದು ತಳ ಸೇರುತ್ತದೆ, ಅಷ್ಟರಮಟ್ಟಿಗೆ ಗಡಸುತನ ಇಳಿಯುತ್ತದೆ. ಅದರ ಮೇಲೆ ನಿಂಬೆರಸ ಹಿಂಡಿ ನೋಡಿ, ಚುರುಚುರು ಗುಳ್ಳೆ ಏಳುತ್ತದೆ, ಅದು ಇಂಗಾಲದ ಡೈಆಕ್ಸೈಡ್. ಸುಮ್ನೆ ಕಬ್ಬಿಣದ ಬ್ರಷ್ಷಿನಿಂದ ಕೆರೆಯಬೇಡಿ. ಆದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಸಲ್ಫೇಟ್ ಎಂಬ ಲವಣದ ರೂಪದಲ್ಲಿದ್ದರೆ ಕುದಿಸಿದರೂ ಗಡಸುತನ ಹೋಗುವುದಿಲ್ಲ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಒಮ್ಮೆ ಪರೀಕ್ಷೆ ಮಾಡಿಸಿ. ಬೇಳೆ ಬೇಯೋದು ತಡವಾಗ್ತಿದ್ರೆ ಅದಕ್ಕೂ ಈ ಕ್ಯಾಲ್ಸಿಯಂ ಕಾರಣ ಇರಬಹುದು. ಮಳೆನೀರು ಹಿಡಿದಿಟ್ಟು ಬೇಯಿಸಿ ನೋಡಿ.