ಹರ್ಬರ್ಟ್ ಓದೋಕೆ ಗದ್ಯದಿಂದ ಶುರು ಮಾಡಿ

ಹದಿನೇಳನೇ ಶತಮಾನದ ಇಂಗ್ಲಿಷ್ ಕವಿ ಜಾರ್ಜ್ ಹರ್ಬರ್ಟ್ ಕವಿತೆ ಬಿಟ್ಟು ಬೇರೇನಾದರೂ ಬರೆದಿದ್ದಾರಾ, ಮೊದಲು ಯಾವುದು ಓದಲಿ ಅಂತ ಕೇಳಿದ್ದೀರಿ. ಹಳ್ಳಿ ಪಾದ್ರಿ ಹೇಗಿರಬೇಕು ಅಂತ ಹೇಳೋ ‘ದಿ ಕಂಟ್ರಿ ಪಾರ್ಸನ್’ ಅನ್ನೋ ಸಣ್ಣ ಗದ್ಯ ಪುಸ್ತಕ ಇದೆ. ನನ್ನ ಕೇಳಿದರೆ ಅದೇ ಮೊದಲು.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪರವಾಗಿ ಲ್ಯಾಟಿನ್‌ನಲ್ಲಿ ಭಾಷಣ ಮಾಡುತ್ತಿದ್ದ ಹರ್ಬರ್ಟ್ 1630ರಲ್ಲಿ ಇಂಗ್ಲೆಂಡಿನ ಸಾಲಿಸ್ಬರಿ ಹತ್ತಿರದ ಬೆಮರ್ಟನ್ ಹಳ್ಳಿಗೆ ಪಾದ್ರಿಯಾಗಿ ಹೋದರು. 1633ರಲ್ಲಿ ತೀರಿಕೊಂಡರು, ಇನ್ನೂ 39 ವರ್ಷ. ಈ ಪುಸ್ತಕ ಅಚ್ಚಾಗಿದ್ದು 1652ರಲ್ಲಿ.

ಇದರಲ್ಲಿ ವೇದಾಂತ ಕಡಿಮೆ, ಊರಿನ ವಿಷಯ ಜಾಸ್ತಿ. ಚರ್ಚಿನಲ್ಲಿ ಪಾದ್ರಿಯ ಉಪದೇಶ ಒಂದು ಗಂಟೆ ಮೀರಬಾರದು (ಅದೇ ಜಾಸ್ತಿಯಾಯ್ತು, ಅಲ್ವಾ!). ಕಾಯಿಲೆಗೆ ಔಷಧದಂಗಡಿಗಿಂತ ಹಿತ್ತಲಿನ ಗಿಡಮೂಲಿಕೆ ವಾಸಿ. ನನಗೆ ತುಂಬ ಹಿಡಿಸಿದ್ದು ಮನೆ ಭೇಟಿಯ ಮಾತು. ಪಾದ್ರಿ ಜನರ ಮನೆಗೆ ವಾರದ ದಿನ ಮಧ್ಯಾಹ್ನದ ಮೇಲೆ ಹೋಗಬೇಕಂತೆ. ಆಗ ಜನ ಕೆಲಸದಲ್ಲಿ ಮುಳುಗಿರುತ್ತಾರೆ, ಇದ್ದ ಹಾಗೇ ಸಿಗುತ್ತಾರೆ. ಭಾನುವಾರವಾದರೆ ಹಬ್ಬದ ಬಟ್ಟೆಯ ಹಾಗೆ ಒಳ್ಳೆ ನಡತೆಯನ್ನೂ ತೊಟ್ಟು ಚರ್ಚಿಗೆ ಬರುತ್ತಾರೆ!

ಆಮೇಲೆ ಅವರ ‘ದಿ ಟೆಂಪಲ್’ ಕವನ ಸಂಕಲನಕ್ಕೆ ಬನ್ನಿ. ‘ಲವ್’ ಹೆಸರಿನ ಮೂರು ಕವಿತೆಗಳಲ್ಲಿ ಕೊನೆಯದನ್ನು ಮೊದಲು ಓದಿ. ಊಟಕ್ಕೆ ಕರೆದರೂ ‘ನಾನು ಯೋಗ್ಯನಲ್ಲ’ ಅಂತ ಹಿಂಜರಿಯುವ ಅತಿಥಿ, ಕೊನೆಗೆ ಸುಮ್ನೆ ಕೂತು ಉಣ್ಣುತ್ತಾನೆ.